ಸೂಲಗಿತ್ತಿ, ಸೂಜಿಮದ್ದು, ಹಸುಗೂಸು



ಕೆಲವು ಅಂಕಿಗಳಿಂದ ಶುರು ಮಾಡುತ್ತೇನೆ. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾದವು ಸುಮಾರು 51. ವರ್ಷ ತುಂಬಿದ ನೂರು ಮಕ್ಕಳಲ್ಲಿ ಎಲ್ಲ ಲಸಿಕೆ ಪಡೆದವರು 60. 2005–06ರಲ್ಲಿ ಆಸ್ಪತ್ರೆಯ ಹೆರಿಗೆ 65ರ ಹತ್ತಿರಕ್ಕೆ ಏರಿತು, ಪೂರ್ಣ ಲಸಿಕೆ 55ಕ್ಕೆ ಇಳಿಯಿತು. 2015–16ಕ್ಕೆ ಆಸ್ಪತ್ರೆಯ ಹೆರಿಗೆ 94 ಮುಟ್ಟಿತು, ಲಸಿಕೆ 63ರ ಆಸುಪಾಸಿನಲ್ಲೇ ಇತ್ತು. 2019–21ರಲ್ಲಿ ಅವು ಕ್ರಮವಾಗಿ 97 ಮತ್ತು 84 ಆದವು.

ಅಂದರೆ ಹದಿನೇಳು ಹದಿನೆಂಟು ವರ್ಷಗಳ ಕಾಲ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಭರದಿಂದ ಸಾಗಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ 108 ಆಂಬುಲೆನ್ಸ್ ಬಂತು, ಬಾಣಂತಿಯ ಕೈಗೆ ಮಡಿಲು ಕಿಟ್ ಬಂತು. ಇದರಿಂದ ತಾಯಂದಿರ ಜೀವ ಉಳಿದಿದೆ, ಎರಡು ಮಾತಿಲ್ಲ. ಲಸಿಕೆ ಮಾತ್ರ ಹೆರಿಗೆಯ ಬೆನ್ನು ಹಿಡಿದು ಓಡಿ ಬರಲಿಲ್ಲ. ಹೆರಿಗೆಗೆ ಒಂದು ರಾತ್ರಿ ಗಾಡಿ ಸಿಕ್ಕರೆ ಆಯಿತು. ಲಸಿಕೆಗೆ ಹುಟ್ಟಿದ ದಿನ, ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಆಮೇಲೆ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಮತ್ತೊಮ್ಮೆ, ಇಷ್ಟು ಸಲ ಕೂಸನ್ನು ಎತ್ತಿಕೊಂಡು ಹೊರಡಬೇಕು. ಅದಕ್ಕೆ ಯಾರಾದರೂ ಬಾಗಿಲಿಗೆ ಬಂದು, "ಕೂಸಿಗೆ ಎಷ್ಟು ವಾರ ಆಯ್ತಮ್ಮ?" ಎಂದು ಕೇಳಬೇಕು.

ಹಾಗೆ ಬಾಗಿಲಿಗೆ ಬಂದು ದಿನ ಲೆಕ್ಕ ಹಾಕುವ ಹೆಂಗಸು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಲಸಿಕೆ ಬರುವ ಮೊದಲೇ ಇದ್ದಳು. ಅವಳು ಸೂಲಗಿತ್ತಿ. ತೆಲುಗು ಮನೆಮಾತಿನ ಊರುಗಳಲ್ಲಿ ಅವಳನ್ನೇ ಮಂತ್ರಸಾನಿ ಎನ್ನುತ್ತಾರೆ. ಅವಳ ಕಸುಬು ಕೂಸು ಹೊರಬಂದ ಕ್ಷಣಕ್ಕೆ ಮುಗಿಯುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಿಜವಾಗಿ ಆಗ ಅರ್ಧ ಕೆಲಸವಷ್ಟೇ ಮುಗಿದಿರುತ್ತಿತ್ತು. ಕಸ ಬೀಳುವವರೆಗೆ ಕಾಯುವುದು, ಹೊಕ್ಕುಳಬಳ್ಳಿ ಕೊಯ್ದು ಕಟ್ಟುವುದು, ಮರುದಿನದಿಂದ ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ನೀರು ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ಬಾಣಂತಿಯ ಸೊಂಟಕ್ಕೆ ಬಟ್ಟೆ ಬಿಗಿಯುವುದು, ಹಾಲು ಕಟ್ಟಿದೆಯೇ ಇಳಿದಿದೆಯೇ ನೋಡುವುದು, ಹೊಕ್ಕುಳು ಒಣಗಿ ಉದುರಿತೇ ಎಂದು ದಿನವೂ ವಿಚಾರಿಸುವುದು, ಇವೆಲ್ಲ ಅವಳ ಪಾಲಿಗಿದ್ದವು. ಕೊನೆಗೆ ಮೊರದಲ್ಲಿ ರಾಗಿ ಅಥವಾ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅನುಕೂಲಸ್ಥರಾದರೆ ಒಂದು ಸೀರೆ.

ಇಲ್ಲಿ ಜಾತಿಯ ಮಾತನ್ನು ನುಂಗಿಕೊಂಡು ಮುಂದೆ ಹೋಗಲಾರೆ. ಸೂಲಗಿತ್ತಿಯರಲ್ಲಿ ಬಹಳ ಮಂದಿ ದಲಿತ ಕೇರಿಯವರು, ಕ್ಷೌರಿಕ ಮನೆತನದವರು. ಬೇನೆ ತಿನ್ನುವ ರಾತ್ರಿ ನಡುಮನೆ ದಾಟಿಸಿ ಒಳಕೋಣೆಗೆ ಕರೆದುಕೊಂಡ ಮನೆಗಳೇ ಪುರುಡು ಕಳೆದ ಮೇಲೆ ಅವಳನ್ನು ಅಂಗಳದಲ್ಲಿ ನಿಲ್ಲಿಸುತ್ತಿದ್ದವು. ಅವಳ ಕೈ ಅಷ್ಟು ಮನೆಗಳ ಮಕ್ಕಳನ್ನು ಹಿಡಿದಿದ್ದರೂ ಅವಳ ತಿಳಿವಳಿಕೆಯನ್ನು ಯಾರೂ ವಿದ್ಯೆ ಎಂದು ಬರೆದಿಡಲಿಲ್ಲ. ಮುಂದೆ ಸರ್ಕಾರವೂ ಅವಳನ್ನು ಸುಲಭವಾಗಿ ಕೈಬಿಟ್ಟದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಅವಳ ಕೈಯಲ್ಲಿ ಅಪಾಯವೂ ಇತ್ತು. ಆ ಅಪಾಯದ ಹೆಸರು ಧನುರ್ವಾಯು. ಟೆಟನಸ್ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ, ತುಕ್ಕು ಹಿಡಿದ ಕುಡುಗೋಲಿನ ಅಲಗಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಕೊಯ್ದರೆ, ಗಾಯಕ್ಕೆ ಬೂದಿ, ಸಗಣಿ ಮೆತ್ತಿದರೆ ಅವು ಒಳಗಿಳಿಯುತ್ತವೆ. ಎರಡು ದಿನ ಚೆನ್ನಾಗಿ ಮೊಲೆ ಚೀಪಿದ ಕೂಸು ವಾರದೊಳಗೆ ಚೀಪಲಾರದಾಗುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ. ಮನೆಯವರು ಗಾಳಿ ಸೋಕಿತೆಂದೋ ಬಾಲಗ್ರಹವೆಂದೋ ಹೇಳಿ ತಾಯತ ಕಟ್ಟುತ್ತಿದ್ದರು. 1988ರಲ್ಲಿ ಜಗತ್ತಿನಾದ್ಯಂತ 7,87,000 ಹಸುಗೂಸುಗಳು ಇದೊಂದೇ ರೋಗಕ್ಕೆ ಬಲಿಯಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಅವುಗಳಲ್ಲಿ ದೊಡ್ಡ ಪಾಲು ಭಾರತದ್ದು.

ಈ ರೋಗವನ್ನು ಎರಡು ಕಡೆಯಿಂದ ತಡೆಯಬಹುದು. ಒಂದು, ಬಸುರಿಗೆ ಟಿಟಿ ಚುಚ್ಚುಮದ್ದು, ಈಗಿನ ಟಿಡಿ. ತಾಯಿಯ ರಕ್ತದಲ್ಲಿ ಹುಟ್ಟುವ ರಕ್ಷಣೆ ಮಾಸಿನ ಮೂಲಕ ಕೂಸಿಗೆ ಇಳಿಯುತ್ತದೆ. ಎರಡು, ಕೊಯ್ಯುವ ಕೈ ಮತ್ತು ಅಲಗು ಶುಚಿಯಾಗಿರುವುದು. ಮೊದಲನೆಯದು ಲಸಿಕೆಯ ಕೆಲಸ, ಎರಡನೆಯದು ಸೂಲಗಿತ್ತಿಯ ಕೆಲಸ. ನನ್ನ ಉಪನ್ಯಾಸದ ಎರಡು ಎಳೆ ಸೇರುವ ಜಾಗ ಇದೇ.

ಶಿಡ್ಲಘಟ್ಟ, ಚಿಂತಾಮಣಿಯ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರೇಷ್ಮೆ ಹುಳುವಿನ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಇಳಿಯುತ್ತದೆ. 1865ರಿಂದ ಐದು ವರ್ಷ ಫ್ರಾನ್ಸಿನ ದಕ್ಷಿಣದ ರೇಷ್ಮೆ ಸೀಮೆಯಲ್ಲಿ ಕೂತು ಇದನ್ನು ಬಿಡಿಸಿದವರು ಲೂಯಿ ಪಾಶ್ಚರ್. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗವಿದ್ದರೆ ಆ ಮೊಟ್ಟೆಗಳನ್ನು ಸುಟ್ಟುಬಿಡು ಎಂದು ಅವರು ತೋರಿಸಿದ ದಾರಿಯೇ ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಅದೇ ಪಾಶ್ಚರ್ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟರು. ಮರಿಯನ್ನು ಉಳಿಸಬೇಕಾದರೆ ತಾಯಿಯಿಂದ ಶುರು ಮಾಡಬೇಕೆಂಬ ವಿವೇಕ ಈ ಸೀಮೆಯ ಹುಳು ಮನೆಗಳಿಗೆ ಹೊಸದಲ್ಲ. ಹುಳು ಯಾವ ಜ್ವರದಲ್ಲಿದೆ (ಪೊರೆ ಬಿಡುವ ಹಂತಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ), ಜ್ವರ ಎದ್ದು ಎಷ್ಟು ಹೊತ್ತಾಯಿತು, ಯಾವಾಗ ಸೊಪ್ಪು ಕೊಡಬೇಕು ಎಂದು ಗಂಟೆಗಂಟೆಗೆ ಲೆಕ್ಕ ಇಡುವ ಮನೆ, ಹುಳು ಮನೆಗೆ ಹೊರಗಿನವರನ್ನು ಕೈಕಾಲು ತೊಳೆಯದೆ ಬಿಡದ ಮನೆ, ಸುಣ್ಣ ಬ್ಲೀಚಿಂಗ್ ಪೌಡರ್ ಚೆಲ್ಲದೆ ಹೊಸ ಬೆಳೆ ಎತ್ತದ ಮನೆ, ಅದು ಬಾಣಂತಿ ಕೋಣೆಗೂ ಇದೇ ಎಚ್ಚರ ತೋರಬಲ್ಲದು. ಅದನ್ನು ಅವರದೇ ಮಾತಿನಲ್ಲಿ ಹೇಳುವವರು ಬೇಕು. ನಮ್ಮ ಆರೋಗ್ಯ ಶಿಕ್ಷಣದ ಗೋಡೆಬರಹಗಳಲ್ಲಿ ರೇಷ್ಮೆ ಹುಳುವನ್ನು ನಾನು ಎಲ್ಲೂ ಕಂಡಿಲ್ಲ. ಈ ಕೊರತೆಯನ್ನು ಇಲಾಖೆಯವರು ಗಮನಿಸಲಿ.

ಇನ್ನು ಸಿಡುಬಿನ ಮಾತು. ಲಸಿಕೆಗೂ ಮೈಸೂರಿಗೂ ಸಂಬಂಧ ಹಳೆಯದು. ಜೆನ್ನರ್ 1796ರಲ್ಲಿ ಕಂಡುಕೊಂಡ ಗೋವಿನ ಸಿಡುಬಿನ ಮದ್ದು 1802ರಲ್ಲಿ ಭಾರತ ತಲುಪಿತು. 1805ರಲ್ಲಿ ಥಾಮಸ್ ಹಿಕ್ಕಿ ಮೈಸೂರಿನ ಮೂವರು ಅರಮನೆ ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತೆಂದೂ ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಜಮ್ಮಣ್ಣಿ ಎಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಹೆಂಗಸರು ಹೆಂಗಸರಿಗೆ ತೋಳು ತೋರಿಸಿ ಧೈರ್ಯ ಹೇಳಿದ ಮೊದಲ ದಾಖಲೆ ಅದಿರಬಹುದು ಎಂಬ ಕಾರಣಕ್ಕೆ ನನಗೆ ಆ ಚಿತ್ರ ಪ್ರಿಯ.

ಹಳ್ಳಿಗೆ ಲಸಿಕೆ ಬಂದದ್ದು ಬೇರೆ ರೀತಿ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವನು ಚೀಲ ಹಿಡಿದು ಬಂದನೆಂದರೆ ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅವನು ಗಂಡಸು, ಹೊರಗಿನವನು, ಸರ್ಕಾರದವನು. ಮನೆಯಲ್ಲಿ ಯಾರಿಗಾದರೂ ಅಮ್ಮ ಆಗಿದ್ದರೆ ಬೇವಿನ ಸೊಪ್ಪು ಕಟ್ಟಿದ ಆ ಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ. ಆದರೂ ಕೆಲಸ ಮುಗಿಯಿತು. ಭಾರತದ ಕೊನೆಯ ಸಿಡುಬು 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜ್‌ನಲ್ಲಿ ಕಂಡಿತು, 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು.

1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಶುರುವಾದಾಗ ಸವಾಲಿನ ಸ್ವರೂಪವೇ ಬದಲಾಯಿತು. ಸಿಡುಬಿಗೆ ಊರಿಗೆ ಊರೇ ಸುತ್ತುವರಿದು ದಾಕು ಹಾಕಿದರೆ ನಡೆಯುತ್ತಿತ್ತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ಮುಂದೆ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದೊಂದಿಗೆ ಬಂದ ದಡಾರದ ಲಸಿಕೆ, ಇವೆಲ್ಲಕ್ಕೂ ಒಂದೊಂದು ಕೂಸಿನ ಹುಟ್ಟಿದ ದಿನ ಗೊತ್ತಿರಬೇಕು. ಹುಟ್ಟು ಮನೆಯೊಳಗೇ ಆಗುತ್ತಿದ್ದ ಕಾಲದಲ್ಲಿ ಅದು ಮೊದಲು ಗೊತ್ತಾಗುತ್ತಿದ್ದುದು ಸೂಲಗಿತ್ತಿಗೆ.

ಸರ್ಕಾರಕ್ಕೆ ಇದು ಹೊಳೆಯದೆ ಇರಲಿಲ್ಲ. 1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಸಾವಿರ ಜನಕ್ಕೊಬ್ಬ ದಾಯಿಗೆ, ಅಂದರೆ ಸೂಲಗಿತ್ತಿಗೆ, ಮೂವತ್ತು ದಿನದ ತರಬೇತಿ, ಮುನ್ನೂರು ರೂಪಾಯಿ ಭತ್ಯೆ, ಒಂದು ಕಿಟ್ಟು, ಒಂದು ಪ್ರಮಾಣಪತ್ರ ಎಂದು ನಿಗದಿಯಾಯಿತು. ನೋಂದಾಯಿಸಿದ ಹೆರಿಗೆಗೆ ಹತ್ತು ರೂಪಾಯಿ, ನೋಂದಾಯಿಸಿದ ಕೂಸಿಗೆ ಮೂರು ರೂಪಾಯಿ. ಕಲಿಸಿದ್ದು ಐದು ಶುಚಿ: ಶುಚಿಯಾದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುಚಿಯಾದ ದಾರ, ಏನೂ ಮೆತ್ತದ ಹೊಕ್ಕುಳು. ಆಗ ನಮ್ಮ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು. 2007ರಲ್ಲಷ್ಟೇ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. 

ಆ ಮೂರು ರೂಪಾಯಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮೊತ್ತ ಅಲ್ಪ. ಆದರೆ ಆ ಯೋಚನೆ ಸರಿಯಾಗಿತ್ತು: ಹುಟ್ಟನ್ನು ಕಂಡವಳೇ ಹುಟ್ಟನ್ನು ಬರೆಸಲಿ, ಬರೆಸಿದ ಕೂಸನ್ನು ನರ್ಸಮ್ಮ ಹುಡುಕಿಕೊಂಡು ಹೋಗಲಿ. ಇದನ್ನು ಇಪ್ಪತ್ತು ವರ್ಷ ನಿಷ್ಠೆಯಿಂದ ನಡೆಸಿ, ಸೂಲಗಿತ್ತಿಗೆ ಮರ್ಯಾದೆಯ ಸಂಬಳ ಕೊಟ್ಟು, ಹೆರಿಗೆ ಆಸ್ಪತ್ರೆಗೆ ಹೋದ ಮೇಲೂ ಬಾಣಂತನದ ಭೇಟಿಯನ್ನು ಅವಳಲ್ಲೇ ಉಳಿಸಿದ್ದರೆ? ಹಾಗಾಗಲಿಲ್ಲ. ತರಬೇತಿ ಪಡೆದ ದಾಯಿಯಿಂದ ತಾಯಂದಿರ ಸಾವು ಇಳಿಯುತ್ತಿಲ್ಲ, ರಕ್ತಸ್ರಾವ ಮತ್ತು ನಂಜಿಗೆ ಆಸ್ಪತ್ರೆಯೇ ಬೇಕು ಎಂದು ಜಗತ್ತಿನ ತಜ್ಞರು 1990ರ ದಶಕದಲ್ಲಿ ತೀರ್ಮಾನಿಸಿದರು. ತೀರ್ಮಾನ ಸರಿ. ರಕ್ತ ಹರಿಯುವಾಗ ಯಾವ ಸೂಲಗಿತ್ತಿಯ ಕೈಗುಣವೂ ರಕ್ತ ಕೊಡಲಾರದು. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕಬೇಕಾದ ಹೆಪಟೈಟಿಸ್ ಬಿ ಚುಚ್ಚುಮದ್ದೂ ಮನೆಯಲ್ಲಿ ಹುಟ್ಟಿದ ಕೂಸಿಗೆ ದಕ್ಕುವುದು ಅಪರೂಪ. ತಪ್ಪಿದ್ದು ಬೇರೆ ಕಡೆ: ಹೆರಿಗೆಯಿಂದ ಅವಳನ್ನು ಬಿಡಿಸುವಾಗ ಬಾಣಂತನದಿಂದಲೂ ಬಿಡಿಸಿದೆವು.

ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೀವೆಲ್ಲ ಬಲ್ಲಿರಿ. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಏಳು ದಶಕ ದುಡಿದು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದವರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಗೌರವ ನ್ಯಾಯವಾದದ್ದು. ಆದರೆ ಅವರಂಥ ನೂರಾರು ಹೆಂಗಸರಿದ್ದ ಸೀಮೆಯಲ್ಲಿ ಒಬ್ಬರಿಗೆ ಪ್ರಶಸ್ತಿ ಕೊಟ್ಟು ಉಳಿದವರನ್ನು ವೃದ್ಧಾಪ್ಯ ವೇತನದ ಸಾಲಿನಲ್ಲಿ ನಿಲ್ಲಿಸಿದ್ದೇವೆ. ಅವರ ಹೆಸರುಗಳಿರುವ ತರಬೇತಿ ಪಟ್ಟಿಗಳು ಯಾವ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆಯೋ.

ನಮ್ಮ ಸೀಮೆಗೆ ತನ್ನದೇ ಆದ ಇನ್ನೊಂದು ರೋಗವಿದೆ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ವರ್ಷದ ಮೇಲೆ ವರ್ಷ ಮಕ್ಕಳನ್ನು ಕೊಂಡೊಯ್ಯಿತು. ಬದುಕಿ ಉಳಿದವರಲ್ಲಿ ಎಷ್ಟೋ ಮಕ್ಕಳಿಗೆ ಕೈಕಾಲು, ಮಾತು ಮರಳಲಿಲ್ಲ. ಕೆರೆಯ ಬಯಲು, ಗದ್ದೆಯ ನಿಂತ ನೀರು, ಅಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ, ಬೆಳ್ಳಕ್ಕಿ, ಊರಂಚಿನ ಹಂದಿಗೂಡು, ಇವೆಲ್ಲ ಕೂಡಿದ ಕಡೆ ಈ ವೈರಸ್ ಮನೆ ಮಾಡುತ್ತದೆ. ಕೆರೆಗಳ ಜಿಲ್ಲೆಯೆಂದು ನಾವು ಹೆಮ್ಮೆ ಪಡುವ ನೆಲ ಇದಕ್ಕೂ ನೆಲೆಯಾಯಿತು. ರಾಜ್ಯದ ಹಲವು ಜಿಲ್ಲೆಗಳಿಗೆ ಈ ಲಸಿಕೆಯ ಆಂದೋಲನ ಬಂದದ್ದು 2022ರ ಡಿಸೆಂಬರಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಮಕ್ಕಳಿಗೆ ಅದು ಅದಕ್ಕೂ ಮೊದಲಿನಿಂದಲೇ ಪಟ್ಟಿಯಲ್ಲಿದೆ. ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಮತ್ತೊಂದು. ದಡಾರ–ರುಬೆಲ್ಲಾ ಲಸಿಕೆಯೂ ಅದೇ ದಿನಗಳಿಗೆ ಬೀಳುತ್ತದೆ. ಒಂಬತ್ತನೇ ತಿಂಗಳ ಭೇಟಿ ತಪ್ಪಿತೆಂದರೆ ಎರಡು ದೊಡ್ಡ ರೋಗಗಳಿಗೆ ಬಾಗಿಲು ತೆರೆದಂತೆ.

ಆ ಭೇಟಿ ತಪ್ಪುವುದು ಎಲ್ಲಿ? ಜನ ಲಸಿಕೆಗೆ ಹೆದರುತ್ತಾರೆ, ವಾಟ್ಸಾಪ್ ಸುದ್ದಿ ನಂಬುತ್ತಾರೆ ಎಂದು ಹೇಳುವುದು ಸುಲಭ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಆಂದೋಲನ ನಡೆದಾಗ ಅಂಥ ಸುಳ್ಳು ಹರಡಿದ್ದು ನಿಜ. ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಅಂಜಿಕೆಯಲ್ಲ, ತವರು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಗೌರಿಬಿದನೂರಿನ ಸೊಸೆಯ ತವರು ಹಿಂದೂಪುರದ ಕಡೆ ಇರುತ್ತದೆ, ಚಿಂತಾಮಣಿಯ ಸೊಸೆಯದು ಮದನಪಲ್ಲಿಯ ಕಡೆ. ಮಾತು ಒಂದೇ, ನಂಟು ಒಂದೇ, ರಾಜ್ಯ ಬೇರೆ. ಹುಟ್ಟಿದ ದಿನದ ಬಿಸಿಜಿ ಮತ್ತು ಪೋಲಿಯೊ ಹನಿ ಆಂಧ್ರದ ಆಸ್ಪತ್ರೆಯಲ್ಲಿ, ಆರು, ಹತ್ತು, ಹದಿನಾಲ್ಕು ವಾರದವು ಅಮ್ಮನ ಮನೆಯ ಊರಿನಲ್ಲಿ. ಮೂರನೆಯ ತಿಂಗಳೋ ಐದನೆಯ ತಿಂಗಳೋ ಒಳ್ಳೆಯ ದಿನ ನೋಡಿ ತೊಟ್ಟಿಲ ಸಮೇತ ತಾಯಿ ಮಗು ಗಂಡನ ಮನೆಗೆ ಬರುತ್ತಾರೆ. ಅಲ್ಲಿನ ಆಶಾ ಆರೋಗ್ಯ ಕಾರ್ಯಕರ್ತೆಯ ಪುಸ್ತಕದಿಂದ ಹೆಸರು ಹೊರಟಿತು, ಇಲ್ಲಿನ ಪುಸ್ತಕಕ್ಕೆ ಇನ್ನೂ ಸೇರಿಲ್ಲ. ತೆಲುಗಿನಲ್ಲಿ ಬರೆದ ಕಾರ್ಡು ಟ್ರಂಕಿನ ತಳದಲ್ಲಿದೆ. ಒಂಬತ್ತನೆಯ ತಿಂಗಳು ಸದ್ದಿಲ್ಲದೆ ಕಳೆದುಹೋಗುತ್ತದೆ. ಶಿಡ್ಲಘಟ್ಟದ ರೀಲಿಂಗ್ ಘಟಕಗಳಿಗೆ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಗಳಿಗೆ, ಇಟ್ಟಿಗೆ ಗೂಡುಗಳಿಗೆ ದುಡಿಯಲು ಬಂದವರ ಮಕ್ಕಳ ಪಾಡೂ ಇದೇ, ಇನ್ನೂ ಕಠಿಣ. ಲಸಿಕೆಯ ದಿನ ಗುರುವಾರ. ಗುರುವಾರ ರಜೆ ಹಾಕಿದರೆ ದಿನಗೂಲಿ ಹೋಯಿತು. ಲಸಿಕೆಯ ದಾಖಲೆ ಇಡುವ ಹೊಸ ಯು-ವಿನ್ ಜಾಲತಾಣದಲ್ಲಿ ಯಾವ ರಾಜ್ಯದ ಕೂಸನ್ನಾದರೂ ಹುಡುಕಬಹುದು, ಅದು ನಿಜವಾದ ಸಹಾಯ. ಆದರೆ ಹುಡುಕಬೇಕೆಂದು ಯಾರಿಗಾದರೂ ಅನ್ನಿಸಬೇಕು. ಸೊಸೆ ಕೂಸಿನೊಂದಿಗೆ ಬಂದಳೆಂಬ ಸುದ್ದಿ ಕಂಪ್ಯೂಟರಿಗೆ ತಿಳಿಯದು, ಓಣಿಗೆ ತಿಳಿಯುತ್ತದೆ.

ಓಣಿಯ ಸುದ್ದಿ ಬಲ್ಲವಳು ಈಗ ಆಶಾ. ಅವಳ ಕೆಲಸದ ಪಟ್ಟಿ ನೋಡಿ: ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಾದರೆ 3, 7, 14, 21, 28, 42ನೇ ದಿನ ಮನೆಗೆ ಭೇಟಿ, ಮನೆಯಲ್ಲೇ ಹುಟ್ಟಿದ್ದರೆ ಮೊದಲ ದಿನವೂ ಸೇರಿ ಏಳು. ಕೂಸನ್ನು ತೂಗುವುದು, ಹೊಕ್ಕುಳು ನೋಡುವುದು, ಹಾಲು ಕುಡಿಯುತ್ತಿದೆಯೇ ಕೇಳುವುದು. ಈ ಪದ್ಧತಿಗೆ ಆಧಾರ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ನಡೆಸಿದ ಪ್ರಯೋಗ. ಹಳ್ಳಿಯ ಹೆಂಗಸರಿಗೆ ಕಲಿಸಿ ಮನೆಗೆ ಕಳಿಸಿದ್ದರಿಂದ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಇಳಿಯಿತೆಂದು 1999ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿ ದಾಯಿಯರನ್ನು ದೂರ ಇಡಲಿಲ್ಲ, ಜೊತೆಗೆ ಸೇರಿಸಿಕೊಂಡರು. ಸೂಲಗಿತ್ತಿ ನೀರು ಹಾಕಲು ಹೋಗುತ್ತಿದ್ದ ದಿನಗಳನ್ನೇ ವಿಜ್ಞಾನ ತಕ್ಕಡಿ ಮತ್ತು ಥರ್ಮಾಮೀಟರ್ ಕೊಟ್ಟು ಮರಳಿ ತಂದಿದೆ.

ತಂದದ್ದು ಸರಿ, ಬೆಲೆ ಕಟ್ಟಿದ್ದು ಸರಿಯಿಲ್ಲ. ಒಂದು ಕೂಸಿಗೆ ಮೊದಲ ವರ್ಷದ ಎಲ್ಲ ಲಸಿಕೆ ಹಾಕಿಸಿದರೆ ಕೇಂದ್ರದ ಮಾರ್ಗಸೂಚಿಯಲ್ಲಿ ಆಶಾಗೆ ನೂರು ರೂಪಾಯಿ, ಎರಡನೆಯ ವರ್ಷದ್ದಕ್ಕೆ ಎಪ್ಪತ್ತೈದು. ಐದಾರು ಸಲ ಬಾಗಿಲು ತಟ್ಟಿ, ಅತ್ತೆಗೆ ಸಮಜಾಯಿಷಿ ಕೊಟ್ಟು, ಲಸಿಕೆಯ ಜ್ವರ ಬಂದ ರಾತ್ರಿ ಫೋನು ಎತ್ತಿ ಉತ್ತರಿಸಿದ್ದಕ್ಕೆ ಇದು. ಅವಳು ಸರ್ಕಾರಿ ನೌಕರಳಲ್ಲ, ಕಾರ್ಯಕರ್ತೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಗೌರವಧನಕ್ಕಾಗಿ ಹೋರಾಡಿದರು. ಮೂರು ರೂಪಾಯಿಯ ಕಾಲದಲ್ಲಿ ಸೂಲಗಿತ್ತಿಯನ್ನು ಹೇಗೆ ಕಂಡೆವೋ ಹಾಗೆಯೇ ಆಶಾಳನ್ನೂ ಕಾಣುತ್ತಿದ್ದೇವೆ. 63ರಿಂದ 84ಕ್ಕೆ ಏರಿದ ಲಸಿಕೆಯಲ್ಲಿ ಅವಳ ನಡಿಗೆಯ ಪಾಲು ದೊಡ್ಡದು. ಇನ್ನುಳಿದ ಹದಿನಾರು ಮಕ್ಕಳನ್ನು ಮುಟ್ಟಬೇಕಾದವಳೂ ಅವಳೇ.

ಆದ್ದರಿಂದ ಈ ವೇದಿಕೆಯಿಂದ ನಾಲ್ಕು ಕೆಲಸ ಬೇಡುತ್ತೇನೆ. ಗಡಿ ತಾಲ್ಲೂಕುಗಳ ತಾಯಿ ಕಾರ್ಡು ಎರಡು ಲಿಪಿಯಲ್ಲಿರಲಿ. ಹಿಂದೂಪುರ ಮತ್ತು ಮದನಪಲ್ಲಿ ಕಡೆಯ ಆರೋಗ್ಯ ಕೇಂದ್ರಗಳವರೂ ನಮ್ಮವರೂ ತವರಿಂದ ಹೊರಟ ಕೂಸಿನ ಹೆಸರನ್ನು ತಿಂಗಳಿಗೊಮ್ಮೆ ಪರಸ್ಪರ ತಿಳಿಸಲಿ. ರೀಲಿಂಗ್ ಘಟಕಗಳಿರುವ ಓಣಿಗಳಲ್ಲಿ ಗುರುವಾರದ ಜೊತೆಗೆ ಒಂದು ಸಂಜೆಯ ಲಸಿಕೆಯೂ ನಡೆಯಲಿ, ಕೂಲಿ ಬಿಡದೆ ತಾಯಿ ಬರುವಂತಾಗಲಿ. ನಾಲ್ಕನೆಯದು ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ. ಗೌರಿಬಿದನೂರು ವಿಚಾರವಾದಿ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು, ಕೇಳಿ ತಿಳಿದು ದಾಖಲಿಸುವ ಗುಣ ಇಲ್ಲಿನ ಕಾಲೇಜುಗಳಿಗೆ ಬಳುವಳಿಯಾಗಿ ಬಂದಿದೆ. ನಾಲ್ಕೂ ತಾಲ್ಲೂಕುಗಳಲ್ಲಿ ಬದುಕಿರುವ ಸೂಲಗಿತ್ತಿಯರನ್ನು ಈ ವರ್ಷವೇ ಹುಡುಕಿ. ಅವರ ಒಪ್ಪಿಗೆ ಪಡೆದು, ಅವರದೇ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಧ್ವನಿಮುದ್ರಿಸಿ. ಯಾರಿಂದ ಕಲಿತರು, ಬಳ್ಳಿ ಯಾವುದರಿಂದ ಕೊಯ್ಯುತ್ತಿದ್ದರು, ತರಬೇತಿಗೆ ಹೋಗಿದ್ದರೇ, ಕಿಟ್ಟು ಸಿಕ್ಕಿತೆ, ಹತ್ತು ರೂಪಾಯಿ ಕೈಗೆ ಬಂತೆ, ಯಾವ ಕೂಸು ಸೆಟೆದು ತೀರಿಕೊಂಡಿತು, ಯಾವ ಬಸುರಿಯನ್ನು ಹೊತ್ತು ಆಸ್ಪತ್ರೆಗೆ ಸಾಗಿಸಿದರು ಎಂದು ಕೇಳಿ. ಈ ಕೆಲಸದ ಪ್ರಯಾಣದ ಖರ್ಚಿಗೆ ಈ ಉಪನ್ಯಾಸದ ದತ್ತಿಯ ಈ ವರ್ಷದ ಬಡ್ಡಿಯನ್ನು ಬಳಸಬಹುದೇ ಎಂದು ದಾನಿಗಳನ್ನು ಈಗಾಗಲೇ ಕೇಳಿದ್ದೇನೆ. ಅವರು ಒಪ್ಪಿದ್ದಾರೆ.